ಗಟಾರ್ ಪಂಪು ಗೊತ್ತಿದ್ದರೆ ಫಯರ್ ಇಂಜಿನ್ ಅರ್ಧ ಗೊತ್ತಾದ ಹಾಗೆ

ಪ್ರತಿ ವರ್ಷ ಏಪ್ರಿಲ್ 14ರಿಂದ 20ರ ತನಕ ದೇಶದಲ್ಲೆಲ್ಲ ಅಗ್ನಿಶಾಮಕ ಸಪ್ತಾಹ. ಕಾಸರಗೋಡಿನ ಮಕ್ಕಳಿಗೆ ಅದೇ ಹೊತ್ತಿಗೆ ದೊಡ್ಡ ರಜೆ. ಗುಡ್ಡೆಯ ಮುಳಿಹುಲ್ಲು ಪೂರ್ತಿ ಒಣಗಿ ನಿಂತಿರುವುದೂ ಆಗಲೇ. ಮಕ್ಕಳನ್ನು ಫಯರ್ ಸ್ಟೇಶನ್ನಿಗೋ, ಪ್ರವಾಸ ಹೋದ ಊರಿನಲ್ಲಿ ಸಿಗುವ ಸಣ್ಣ ಅಗ್ನಿಶಾಮಕ ಮ್ಯೂಸಿಯಮ್ಮಿಗೋ ಕರೆದುಕೊಂಡು ಹೋಗಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಆದರೆ ಹೆಚ್ಚಿನ ಭೇಟಿಗಳು ಕೆಂಪು ಗಾಡಿ ಹತ್ತಿ ಫೋಟೊ ತೆಗೆಸಿಕೊಂಡು, ಸೈರನ್ ಕೇಳಿ ಕಿವಿ ಮುಚ್ಚಿಕೊಂಡಲ್ಲಿಗೇ ಮುಗಿಯುತ್ತವೆ. ಫಲಕಗಳು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತವೆ. ಕನ್ನಡ ಶಾಲೆಯ ಮಗು ‘ಇದು ಯಾಕೆ ಹೀಗಿದೆ’ ಎಂದು ಕೇಳಿದರೆ ಜೊತೆಗೆ ಹೋದ ದೊಡ್ಡವರಿಗೂ ಉತ್ತರ ಗೊತ್ತಿರುವುದಿಲ್ಲ.

ಈ ಲೇಖನ ಆ ದೊಡ್ಡವರಿಗಾಗಿ. ಮ್ಯೂಸಿಯಂ ಒಂದೇ ಕೋಣೆಯದ್ದಾದರೂ ಅಲ್ಲಿರುವ ಸಾಮಾನು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ: ಬಕೆಟ್ಟು, ಕೊಕ್ಕೆ, ಕೈಪಂಪು, ಪೈಪು, ಟೊಪ್ಪಿ, ಕೆಂಪು ಸಿಲಿಂಡರು. ಇವನ್ನು ವಿವರಿಸಲು ಇಂಜಿನಿಯರಿಂಗ್ ಓದಿರಬೇಕಾಗಿಲ್ಲ. ಅಡಿಕೆಗೆ ಮದ್ದು ಬಿಡುವ ಗಟಾರ್ ಪಂಪು, ಬಾವಿ, ಬಚ್ಚಲೊಲೆ ಕಂಡ ಮಗುವಿಗೆ ಅರ್ಧ ವಿಷಯ ಮೊದಲೇ ಗೊತ್ತಿರುತ್ತದೆ.

ಕೇರಳದಲ್ಲಿ ಸ್ಟೇಶನ್ನಿನ ಬೋರ್ಡಿನ ಮೇಲೆ ‘ಅಗ್ನಿರಕ್ಷಾ ನಿಲಯಂ’ ಎಂದು ಇರುತ್ತದೆ. ಇಲಾಖೆಯ ಹೆಸರಿನಲ್ಲಿ ‘ಫಯರ್’ ಜೊತೆ ‘ರೆಸ್ಕ್ಯೂ’ ಕೂಡ ಇದೆ. ಬೆಂಕಿ ಮಾತ್ರವಲ್ಲ, ಬಾವಿಗೆ ಬಿದ್ದವರು, ಹೊಳೆಯಲ್ಲಿ ಸಿಕ್ಕಿಬಿದ್ದವರು, ಅಪಘಾತದ ವಾಹನದೊಳಗೆ ಸಿಲುಕಿದವರು, ಎಲ್ಲರ ಕರೆಯೂ ಇಲ್ಲಿಗೇ ಬರುತ್ತದೆ.

ಮೊದಲ ಪಾಠ ಒಲೆಯ ಮುಂದೆ

ಹೊರಡುವ ಮುನ್ನ ಮನೆಯ ಒಲೆಯನ್ನೇ ತೋರಿಸಿ. ಬೆಂಕಿಗೆ ಮೂರು ಬೇಕು: ಉರಿಯುವ ವಸ್ತು, ಗಾಳಿಯಲ್ಲಿರುವ ಆಮ್ಲಜನಕ, ಸಾಕಷ್ಟು ಬಿಸಿ. ಮೂರರಲ್ಲಿ ಒಂದನ್ನು ತಪ್ಪಿಸಿದರೂ ಬೆಂಕಿ ಆರುತ್ತದೆ. ಸ್ನಾನದ ನೀರು ಕಾದ ಮೇಲೆ ಅಜ್ಜಿ ಕೊಳ್ಳಿಯನ್ನು ಹಿಂದಕ್ಕೆ ಎಳೆಯುತ್ತಾರೆ, ಆಗ ಬೆಂಕಿಗೆ ಉಣಿಸು ತಪ್ಪಿತು. ಕೆಂಡಕ್ಕೆ ನೀರು ಚಿಮುಕಿಸಿ ಮಸಿ (ಇದ್ದಿಲು) ಮಾಡುತ್ತಾರೆ, ಆಗ ಬಿಸಿ ಇಳಿಯಿತು. ಬಾಣಲೆಯ ಎಣ್ಣೆಗೆ ಬೆಂಕಿ ಹಿಡಿದರೆ ತಟ್ಟೆ ಮುಚ್ಚುತ್ತಾರೆ, ಆಗ ಗಾಳಿ ನಿಂತಿತು. ಮ್ಯೂಸಿಯಮ್ಮಿನಲ್ಲಿ ಬೆಂಕಿ ಆರಿಸಲೆಂದು ಇರುವ ಹೆಚ್ಚಿನ ಸಾಮಾನುಗಳು ಈ ಮೂರರಲ್ಲಿ ಒಂದು ಕೆಲಸಕ್ಕೆ ಹುಟ್ಟಿದವು. ‘ಇದು ಮೂರರಲ್ಲಿ ಯಾವುದು?’ ಎಂದು ಮಗುವಿನ ಬಾಯಲ್ಲೇ ಹೇಳಿಸುತ್ತಾ ಹೋದರೆ ಇಡೀ ಕೋಣೆ ಒಂದು ಆಟವಾಗುತ್ತದೆ.

ನಾಲ್ಕನೆಯ ಸಂಗತಿಯೊಂದಿದೆ: ಬೂದಿ ಮುಚ್ಚಿದ ಕೆಂಡ. ಮೇಲೆ ಜ್ವಾಲೆ ಇಲ್ಲ, ಒಳಗೆ ಬಿಸಿ ಇದೆ, ಬೂದಿಯ ಸಂದಿನಿಂದ ಸ್ವಲ್ಪ ಗಾಳಿಯೂ ಸಿಗುತ್ತಿದೆ. ಬೆಳಿಗ್ಗೆ ಕೆದಕಿ ಊದಿದರೆ ಮತ್ತೆ ಉರಿಯುತ್ತದೆ. ಇದನ್ನು ಮಗುವಿನ ನೆನಪಿನಲ್ಲಿ ಇಡಿಸಿ. ಏಪ್ರಿಲ್ 14ರ ಕಥೆಗೆ ಇದು ಬೇಕು.

ಚರ್ಮದ ಬಕೆಟ್ಟು, ಉದ್ದದ ಕೊಕ್ಕೆ

ಹಳೆಯ ಸಂಗ್ರಹಗಳಲ್ಲಿ ಚರ್ಮದ ಬಕೆಟ್ಟು ಇದ್ದೇ ಇರುತ್ತದೆ. ಮಣ್ಣಿನ ಪಾತ್ರೆಯಾದರೆ ಕೈಯಿಂದ ಕೈಗೆ ಎಸೆಯುವಾಗ ಒಡೆಯುತ್ತದೆ, ಮರದ್ದು ಭಾರ, ಒಣಗಿದರೆ ಸೀಳು ಬಿಟ್ಟು ಸೋರುತ್ತದೆ. ಚರ್ಮದ್ದು ಹಗುರ, ಬಿದ್ದರೂ ಒಡೆಯದು. ಊರವರು ಬಾವಿಯಿಂದ ಬೆಂಕಿಯ ತನಕ ಎರಡು ಸಾಲಾಗಿ ನಿಲ್ಲುತ್ತಿದ್ದರು. ಒಂದು ಸಾಲಿನಲ್ಲಿ ತುಂಬಿದ ಬಕೆಟ್ಟು ಮುಂದಕ್ಕೆ, ಇನ್ನೊಂದರಲ್ಲಿ ಖಾಲಿಯದ್ದು ಹಿಂದಕ್ಕೆ. ಮಕ್ಕಳಿಗೆ ಇಲ್ಲೊಂದು ಲೆಕ್ಕ ಕೊಡಿ: ಬಕೆಟ್ಟಿಗೆ 8 ಲೀಟರ್, ಮೂರು ಸೆಕೆಂಡಿಗೊಂದು ಬಕೆಟ್ಟು. ನಿಮಿಷಕ್ಕೆ 20 ಬಕೆಟ್ಟು, ಅಂದರೆ 160 ಲೀಟರ್. ಅದೂ ಯಾರೂ ಸುಸ್ತಾಗದೆ, ಒಂದು ಹನಿಯೂ ಚೆಲ್ಲದೆ ಇದ್ದರೆ. ಈ 160ನ್ನು ಬರೆದಿಟ್ಟುಕೊಳ್ಳಲಿ, ಮುಂದೆ ಹೋಲಿಸಲಿಕ್ಕಿದೆ.

ಪೆಟ್ರೋಲ್ ಬಂಕಿನಲ್ಲಿ ನೇತಾಡುವ ಕೆಂಪು ಬಕೆಟ್ಟಿನ ತಳ ಉರುಟಾಗಿರುವುದನ್ನು ಮಕ್ಕಳು ಗಮನಿಸಿರಬಹುದು. ನೆಲದಲ್ಲಿ ಕೂರದ ಬಕೆಟ್ಟನ್ನು ಯಾರೂ ಬೇರೆ ಕೆಲಸಕ್ಕೆ ಒಯ್ಯುವುದಿಲ್ಲ ಎಂಬುದು ಅದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಒಳಗಿರುವುದು ನೀರಲ್ಲ, ಒಣ ಹೊಯಿಗೆ (ಮರಳು). ಚೆಲ್ಲಿದ ಎಣ್ಣೆಯ ಬೆಂಕಿಗೆ ಗಾಳಿ ತಪ್ಪಿಸಲಿಕ್ಕೆ.

ಗೋಡೆಗೆ ಒರಗಿಸಿಟ್ಟ ಉದ್ದನೆಯ ಕಬ್ಬಿಣದ ಕೊಕ್ಕೆಯನ್ನು ಹೆಚ್ಚಿನವರು ನೋಡದೆ ದಾಟುತ್ತಾರೆ. ಹುಲ್ಲು ಮಾಡಿನ (ಛಾವಣಿಯ) ಕಾಲದಲ್ಲಿ ಅದೇ ಮುಖ್ಯ ಆಯುಧ. ಉರಿಯುವ ಮಾಡನ್ನು ಎಳೆದು ಕೆಡವುವುದು, ಪಕ್ಕದ ಮನೆಯದ್ದನ್ನು ಬೆಂಕಿ ತಲುಪುವ ಮೊದಲೇ ಕಿತ್ತು ನಡುವೆ ಅಂತರ ಮಾಡುವುದು. 1666ರ ಸೆಪ್ಟೆಂಬರ್ 2ರಂದು ಲಂಡನ್ನಿನ ಒಂದು ಬೇಕರಿಯಲ್ಲಿ ಹತ್ತಿದ ಬೆಂಕಿ ನಾಲ್ಕು ದಿನದಲ್ಲಿ ಸುಮಾರು 13,200 ಮನೆಗಳನ್ನು ಸುಟ್ಟಿತು. ಮನೆ ಕೆಡವಿದರೆ ಪರಿಹಾರ ಯಾರು ಕೊಡುವುದು ಎಂದು ಊರಿನ ಮೇಯರ್ ಮೊದಲ ಗಂಟೆಗಳಲ್ಲಿ ಹಿಂಜರಿದದ್ದು ಅಷ್ಟು ಹರಡಲು ಒಂದು ಕಾರಣ. ಗುಡ್ಡೆಯಲ್ಲಿ ಹುಲ್ಲು ಸವರಿ ಬೆಂಕಿಗೆರೆ ಮಾಡುವುದೂ ಇದೇ ಉಪಾಯ. ಅದನ್ನು ಜನವರಿಯಲ್ಲೇ ಮಾಡಬೇಕು, ಹೊಗೆ ಕಂಡ ಮೇಲೆ ಗೆರೆ ಕಡಿಯಲು ಹೊತ್ತು ಸಿಗುವುದಿಲ್ಲ.

ಕೈಪಂಪಿನ ಗಾಳಿ ಬುರುಡೆ

ಕೋಣೆಯಲ್ಲಿ ಅತಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು. ಎರಡು ಕಡೆಗೂ ಉದ್ದ ಹಿಡಿಕೆ, ನಡುವೆ ಎರಡು ಸಿಲಿಂಡರು, ಅವುಗಳ ಪಕ್ಕದಲ್ಲಿ ಮುಚ್ಚಿದ ತಾಮ್ರದ ಬುರುಡೆ. ಎರಡು ಕೊಂತದ (ಪಿಸ್ಟನ್ನಿನ) ಪಂಪನ್ನು ಅಲೆಕ್ಸಾಂಡ್ರಿಯ ನಗರದ ಕ್ಟೆಸಿಬಿಯಸ್ ಕ್ರಿ.ಪೂ. 3ನೆಯ ಶತಮಾನದಲ್ಲೇ ಮಾಡಿದ್ದನೆಂದು ಹಳೆಯ ಬರಹಗಳು ಹೇಳುತ್ತವೆ. ಇಂಗ್ಲೆಂಡಿನ ರಿಚರ್ಡ್ ನ್ಯೂಶಮ್ 1721ರಲ್ಲಿ ಮತ್ತು 1725ರಲ್ಲಿ ಪೇಟೆಂಟ್ ಪಡೆದ ಗಾಡಿಗಳು ಆಮೇಲೆ ಬಹಳ ಕಡೆ ಮಾದರಿಯಾದವು.

ಬುರುಡೆ ಯಾಕೆ? ಇಲ್ಲಿ ಅಡಿಕೆ ತೋಟದ ಗಟಾರ್ ಪಂಪನ್ನು ನೆನಪಿಸಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವಾಗ ಬುಡದಲ್ಲಿ ಒಬ್ಬರು ಹಿಡಿಕೆಯನ್ನು ಹಿಂದೆ ಮುಂದೆ ತಳ್ಳುತ್ತಾರೆ, ಮರದ ಮೇಲಿದ್ದವರ ಕೈಯ ನಳಿಕೆಯಿಂದ ಬೋರ್ಡೋ ದ್ರಾವಣ ತಡೆಯಿಲ್ಲದೆ ಬರುತ್ತದೆ. ಕೆಳಗಿನವರ ಕೈ ಪ್ರತಿ ಸಲವೂ ಒಂದು ಕ್ಷಣ ನಿಂತು ತಿರುಗುತ್ತದೆ, ಮೇಲಿನ ಸಿಂಚನ ಮಾತ್ರ ನಿಲ್ಲುವುದಿಲ್ಲ. ಈ ಜಾಣತನ ಪಂಪಿನ ಪಕ್ಕದ ಉರುಟು ಬುರುಡೆಯದ್ದು.

ಒಳಗೆ ನಡೆಯುವುದು ಇಷ್ಟು. ಕೊಂತ ತಳ್ಳಿದಾಗ ನೀರು ಪೈಪಿಗೂ ಹೋಗುತ್ತದೆ, ಬುರುಡೆಯ ಕೆಳಭಾಗಕ್ಕೂ ನುಗ್ಗುತ್ತದೆ. ಬುರುಡೆಯ ಮೇಲ್ಭಾಗದಲ್ಲಿ ಸಿಕ್ಕಿಬಿದ್ದ ಗಾಳಿ ಚಂಡಿನ ಗಾಳಿಯ ಹಾಗೆ ಹಿಂಡಿ ಸಣ್ಣದಾಗುತ್ತದೆ. ಕೊಂತ ಹಿಂದಕ್ಕೆ ಬರುವ ಹೊತ್ತಿಗೆ ಪಂಪು ನೀರು ಕೊಡುತ್ತಿರುವುದಿಲ್ಲ. ಆಗ ಹಿಂಡಿದ ಗಾಳಿ ಅರಳಿ, ತನ್ನ ಕೆಳಗಿರುವ ನೀರನ್ನು ಪೈಪಿಗೆ ದೂಡುತ್ತದೆ. ನೀರು ವಾಪಸು ಪಂಪಿಗೆ ಹೋಗದ ಹಾಗೆ ವಾಲ್ವ್ ತಡೆಯುತ್ತದೆ. ಒಂದು ಕೊಂತ ಹಿಂದೆ ಬರುವಾಗ ಇನ್ನೊಂದು ಮುಂದೆ ಹೋಗುವಂತೆ ಜೋಡಿಸಿದರೆ ಬುರುಡೆಗೆ ಕೆಲಸ ಇನ್ನೂ ಹಗುರ.

ಕೆಡುವುದು ಎಲ್ಲಿ? ಬುರುಡೆಯ ಗಾಳಿ ಸ್ವಲ್ಪ ಸ್ವಲ್ಪವೇ ನೀರಿನಲ್ಲಿ ಕರಗಿ ಹೋಗಿ, ಒಳಗೆ ನೀರೇ ತುಂಬಿದರೆ ಹಿಂಡಲು ಏನೂ ಉಳಿಯುವುದಿಲ್ಲ. ನೀರು ಹಿಂಡಿಗೆ ಬಗ್ಗುವ ವಸ್ತುವಲ್ಲ. ಆಗ ನಳಿಕೆಯ ನೀರು ತಡೆತಡೆದು ಬರುತ್ತದೆ, ಪೈಪು ಪ್ರತಿ ಹೊಡೆತಕ್ಕೂ ಜಗ್ಗುತ್ತದೆ. ನೀರನ್ನು ಪೂರ್ತಿ ಬಸಿದು ಗಾಳಿ ತುಂಬಲು ಬಿಟ್ಟರೆ ಸರಿಯಾಗುತ್ತದೆ. ಇನ್ನೊಂದು ತೊಂದರೆ ಕೊಂತದ ಚರ್ಮದ ವಾಶರ್. ಒಣಗಿ ಕುಗ್ಗಿದರೆ ನೀರು ಪಕ್ಕದಿಂದ ಹಿಂದಕ್ಕೆ ಜಾರುತ್ತದೆ. ಅದಕ್ಕಾಗಿಯೇ ಬೆಂಕಿ ಇಲ್ಲದ ದಿನಗಳಲ್ಲೂ ಇಂಥ ಪಂಪುಗಳಿಗೆ ಎಣ್ಣೆ ಕೊಟ್ಟು ಓಡಿಸಿ ನೋಡಬೇಕಿತ್ತು.

ಮೇಲೆ ಮರದಲ್ಲಿ ಕೂತವರ ನಳಿಕೆ ಮತ್ತು ಬೆಂಕಿಯ ಮುಂದೆ ನಿಂತವರ ನಳಿಕೆ, ಎರಡರ ಹಿಂದೆಯೂ ಒಂದೇ ಯಂತ್ರ ಎಂಬುದು ಮಗುವಿಗೆ ಹೊಳೆದರೆ ಆ ದಿನದ ಪ್ರಯಾಣ ಸಾರ್ಥಕ. 1829ರಲ್ಲಿ ಲಂಡನ್ನಿನಲ್ಲಿ ಬ್ರೈತ್‌ವೈಟ್ ಮತ್ತು ಎರಿಕ್ಸನ್ ಮಾಡಿದ ಉಗಿ ಪಂಪಿನಲ್ಲೂ ಕೊಂತವೇ ಇತ್ತು, ತಳ್ಳುವ ಕೈ ಮಾತ್ರ ಉಗಿಯದ್ದು.

ಮೊದಲಿಗೆ ಬೆವರುವ ಪೈಪು

ಪೈಪು ಬರುವ ತನಕ ಪಂಪನ್ನೇ ಬೆಂಕಿಯ ಹತ್ತಿರಕ್ಕೆ ಒಯ್ಯಬೇಕಿತ್ತು. 1670ರ ದಶಕದಲ್ಲಿ ಆಮ್‌ಸ್ಟರ್‌ಡ್ಯಾಮಿನ ಚಿತ್ರಕಾರ ಯಾನ್ ಫಾನ್ ಡೆರ್ ಹೇಡನ್ ಮತ್ತು ಆತನ ಸೋದರ ಚರ್ಮದ ಪೈಪನ್ನು ಬಳಕೆಗೆ ತಂದರು. ಪಂಪು ಬೀದಿಯಲ್ಲೇ ನಿಂತು, ನಳಿಕೆ ಹಿಡಿದವನು ಮನೆಯೊಳಗೆ ಹೋಗುವುದು ಸಾಧ್ಯವಾಯಿತು. ಹೊಲಿದ ಚರ್ಮ ಒತ್ತಡ ಹೆಚ್ಚಾದರೆ ಹೊಲಿಗೆಯಲ್ಲೇ ಬಿಡುತ್ತಿತ್ತು. 1808ರ ಸುಮಾರಿಗೆ ಅಮೆರಿಕದ ಫಿಲಡೆಲ್ಫಿಯದಲ್ಲಿ ಹೊಲಿಗೆಯ ಬದಲು ತಾಮ್ರದ ರಿವಿಟ್ ಹೊಡೆದು ಗಟ್ಟಿ ಮಾಡಿದರು. ಮ್ಯೂಸಿಯಮ್ಮಿನ ಪೈಪಿನಲ್ಲಿ ಸಾಲಾಗಿ ಗುಂಡಿಗಳಂತೆ ಕಾಣುವುದು ಆ ರಿವಿಟ್‌ಗಳೇ.

ಬಟ್ಟೆಯ ಪೈಪು, ಅಂದರೆ ನಾರಿನಿಂದ ನೇಯ್ದ ಕ್ಯಾನ್ವಾಸಿನದ್ದು, ಇದ್ದರೆ ಬಿಡಬೇಡಿ. ನೀರು ಬಿಟ್ಟ ಕೂಡಲೇ ಅದು ಮೈಯೆಲ್ಲ ಬೆವರುತ್ತದೆ, ಸ್ವಲ್ಪ ಹೊತ್ತಿನಲ್ಲಿ ನಾರು ಉಬ್ಬಿ ಸಂದುಗಳು ತಾವೇ ಮುಚ್ಚುತ್ತವೆ. ದಡದಲ್ಲಿ ಒಣಗಿದ ಮರದ ದೋಣಿ ನೀರಿಗಿಳಿಸಿದಾಗ ಮೊದಲು ಸೋರಿ, ಹಲಗೆ ನೆನೆದು ಉಬ್ಬಿದ ಮೇಲೆ ನಿಲ್ಲುವುದಿಲ್ಲವೇ, ಹಾಗೆ. ಆದರೆ ಒದ್ದೆ ಪೈಪನ್ನು ಹಾಗೇ ಸುತ್ತಿಟ್ಟರೆ ಬೂಷ್ಟು ಹಿಡಿದು ಕೊಳೆಯುತ್ತದೆ. ಹಳೆಯ ಫಯರ್ ಸ್ಟೇಶನ್ನುಗಳಲ್ಲಿ ಗೋಪುರದಂಥ ಕಟ್ಟಡ ಇರುವುದಕ್ಕೆ ಒಂದು ಕಾರಣ ಇದು: ಉದ್ದದ ಪೈಪನ್ನು ಮೇಲಿಂದ ಇಳಿಬಿಟ್ಟು ಒಣಗಿಸಲು.

ಈಗಿನ ಪೈಪಿನ ಒಳಗೆ ರಬ್ಬರ್, ಹೊರಗೆ ಪಾಲಿಯೆಸ್ಟರ್. ಅಗಲ ಸಾಮಾನ್ಯವಾಗಿ 63 ಮಿಲಿಮೀಟರ್, ಉದ್ದ 15 ಅಥವಾ 30 ಮೀಟರ್. ಖಾಲಿ ಇರುವಾಗ ಚಪ್ಪಟೆ, ಚಾಪೆಯಂತೆ ಸುತ್ತಬಹುದು. ನೀರು ತುಂಬಿದ ಮೇಲೆ? 30 ಮೀಟರಿನ ಒಂದು ಪೈಪಿನೊಳಗೆ 90 ಲೀಟರಿಗಿಂತ ಹೆಚ್ಚು ನೀರು, ಅಂದರೆ ನೀರಿನದ್ದೇ 90 ಕಿಲೋಗಿಂತ ಮೇಲೆ ತೂಕ. ಅದನ್ನು ಎಳೆದಾಡಲು ಆಗುವುದಿಲ್ಲ. ಹಾಗಾಗಿ ಮೊದಲು ಪೈಪು ಹಾಸಿ, ಮಡಚು ಬಿಡಿಸಿ, ನಳಿಕೆ ಹಿಡಿದವರು ಸಿದ್ಧವೆಂದು ಸನ್ನೆ ಮಾಡಿದ ನಂತರವೇ ನೀರು ಬಿಡುತ್ತಾರೆ. ಒಂದು ಮಡಚು ಉಳಿದರೂ ಮುಂದೆ ನೀರು ಸೊರಗುತ್ತದೆ. ಪೈಪಿನ ತುದಿಗಳಲ್ಲಿ ತಿರುಪು ಇರುವುದಿಲ್ಲ, ಒಂದರೊಳಗೆ ಇನ್ನೊಂದನ್ನು ತಳ್ಳಿದರೆ ‘ಟಕ್’ ಎಂದು ಕಚ್ಚಿಕೊಳ್ಳುತ್ತದೆ. ಕತ್ತಲೆ ಹೊಗೆಯಲ್ಲಿ ತಿರುಪು ಹುಡುಕುತ್ತ ಕೂರಲಾಗದು. ಸಿಬ್ಬಂದಿಯನ್ನು ಕೇಳಿದರೆ ಮಕ್ಕಳ ಕೈಯಲ್ಲೇ ಒಮ್ಮೆ ಜೋಡಿಸಲು ಬಿಡಬಹುದು.

ನೀರು ಎಳೆಯುವ ಪೈಪು ಮಾತ್ರ ಗಟ್ಟಿ

ಅದೇ ಗಾಡಿಯ ಮೇಲೆ ದಪ್ಪನೆಯ, ಮಡಚಲಾಗದ, ಒಳಗೆ ಸುರುಳಿ ತಂತಿಯಿರುವ ಪೈಪುಗಳೂ ಇರುತ್ತವೆ. ಇವು ಕೆರೆಯಿಂದ ನೀರು ಮೇಲೆತ್ತಲು. ಚಪ್ಪಟೆ ಪೈಪಿನಿಂದ ಎಳೆದರೆ ಯಾಕಾಗದು? ಮೆತ್ತಗಿನ ಸ್ಟ್ರಾದಲ್ಲಿ ಬೊಂಡ ಕುಡಿದ ಮಗು ಉತ್ತರ ಹೇಳುತ್ತದೆ: ಜೋರಾಗಿ ಎಳೆದರೆ ಸ್ಟ್ರಾ ಅಂಟಿಕೊಳ್ಳುತ್ತದೆ. ಪಂಪು ನೀರನ್ನು ‘ಹಿಡಿದು’ ಎಳೆಯುವುದಿಲ್ಲ. ಪೈಪಿನೊಳಗಿನ ಗಾಳಿ ತೆಗೆಯುತ್ತದೆ, ಹೊರಗಿನ ವಾತಾವರಣದ ಒತ್ತಡ ಕೆರೆಯ ನೀರನ್ನು ಒತ್ತಿ ಪೈಪಿನೊಳಗೆ ಏರಿಸುತ್ತದೆ. ಅದೇ ಒತ್ತಡ ಪೈಪಿನ ಮೈಯನ್ನೂ ಒತ್ತುತ್ತದೆ, ಮೈ ಗಟ್ಟಿಯಿಲ್ಲದಿದ್ದರೆ ಅಪ್ಪಚ್ಚಿ.

ವಾತಾವರಣದ ಒತ್ತಡ ನೀರನ್ನು ಸುಮಾರು 10.3 ಮೀಟರಿಗಿಂತ ಮೇಲೆ ಏರಿಸಲಾರದು. ಪಂಪು ಎಷ್ಟೇ ಬಲದ್ದಾಗಲಿ, ಈ ಮಿತಿ ದಾಟಲಾಗದು. ಸೋರಿಕೆ, ಪೈಪಿನ ಉಜ್ಜುವಿಕೆ ಎಲ್ಲ ಕಳೆದು ಕೈಗೆ ಸಿಗುವುದು 7ರಿಂದ 8 ಮೀಟರ್. ಕಾಸರಗೋಡಿನ ಮುರಕಲ್ಲಿನ ಬಾವಿಗಳು ಬೇಸಿಗೆಯಲ್ಲಿ ಇದಕ್ಕಿಂತ ಎಷ್ಟೋ ಆಳ. ಸಬ್‌ಮರ್ಸಿಬಲ್ ಬರುವ ಮೊದಲು ಮೋಟಾರ್ ಪಂಪನ್ನು ಬಾವಿಯೊಳಗೇ ಕಟ್ಟೆ ಮಾಡಿ ಇಳಿಸುತ್ತಿದ್ದದ್ದು ಇದಕ್ಕೇ. ಫಯರ್ ಇಂಜಿನ್ನಿಗೂ ಅದೇ ಮಿತಿ. ರಸ್ತೆಯಲ್ಲಿ ನಿಂತ ಗಾಡಿ ಹತ್ತಿರದ ಕೆರೆ, ಮದಕ, ತೋಡುಗಳಿಂದ ನೀರು ತೆಗೆಯಬಲ್ಲದು, 15 ಮೀಟರ್ ಆಳದ ಬಾವಿಯಿಂದ ಎಳೆಯಲಾರದು. ಅಂಥ ಕಡೆ ನೀರಿನ ಮೇಲೇ ತೇಲುವ ಪಂಪು ಅಥವಾ ಕೆಳಗಿಳಿಸುವ ಪಂಪು ಬೇಕು, ಏಕೆಂದರೆ ಕೆಳಗಿನಿಂದ ದೂಡುವುದಕ್ಕೆ 10.3ರ ಮಿತಿ ಇಲ್ಲ.

ಪೈಪಿನ ತುದಿಯ ಜಾಲರಿ, ನೀರು ವಾಪಸು ಇಳಿಯದಂತೆ ತಡೆಯುವ ಫುಟ್‌ವಾಲ್ವ್‌ಗಳನ್ನು ತೋಟದ ಮಕ್ಕಳು ನೋಡಿಯೇ ಇರುತ್ತಾರೆ. ಫುಟ್‌ವಾಲ್ವಿಗೆ ಕಸ ಸಿಕ್ಕಿ ನೀರು ಇಳಿದುಹೋದರೆ ಅಪ್ಪ ಕೊಡಪಾನದಲ್ಲಿ ನೀರು ತಂದು ಪಂಪಿಗೆ ಹೊಯ್ಯುವುದನ್ನೂ ಕಂಡಿರುತ್ತಾರೆ. ತೋಟದ ಮೋಟಾರಿನಲ್ಲೂ ಈಗಿನ ಫಯರ್ ಇಂಜಿನ್ನಿನಲ್ಲೂ ಇರುವ ತಿರುಗುವ ಚಕ್ರದ ಪಂಪು ನೀರನ್ನು ಬೀಸಿ ಎಸೆಯಬಲ್ಲದು, ಹಗುರವಾದ ಗಾಳಿಯನ್ನು ಎಸೆಯಲಾರದು. ಫಯರ್ ಇಂಜಿನ್ನಿನಲ್ಲಿ ಆ ಗಾಳಿ ತೆಗೆಯಲು ಪ್ರೈಮರ್ ಎಂಬ ಸಣ್ಣ ಸಾಧನವೇ ಬೇರೆ ಇದೆ. ಎಲ್ಲಿದೆ ಎಂದು ಕೇಳಿ ನೋಡಿಸಿ.

4,500 ಲೀಟರ್ ಎಷ್ಟು ಹೊತ್ತು ಬರುತ್ತದೆ?

ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ದೊಡ್ಡ ಗಾಡಿಯ ಟ್ಯಾಂಕಿ ಸುಮಾರು 4,500 ಲೀಟರಿನದ್ದು. ಒಂದು ನಳಿಕೆಯಿಂದ ನಿಮಿಷಕ್ಕೆ 450 ಲೀಟರ್ ಹೋಗುತ್ತದೆ ಎಂದಿಟ್ಟುಕೊಳ್ಳೋಣ. ಹತ್ತೇ ನಿಮಿಷ! ಬಕೆಟ್ಟು ಸಾಲಿನ 160ನ್ನು ಈಗ ಹೊರತೆಗೆಯಲಿ. ಸುಮಾರು ಮೂರು ಸಾಲಿನ ಕೆಲಸವನ್ನು ಒಂದು ನಳಿಕೆ ಮಾಡುತ್ತದೆ, ಆದರೆ ಅಷ್ಟೇ ಬೇಗ ಟ್ಯಾಂಕಿಯನ್ನೂ ಬರಿದು ಮಾಡುತ್ತದೆ. ಎರಡನೆಯ ಗಾಡಿ ಬರುವ ತನಕ, ಇಲ್ಲವೇ ಕೆರೆಗೆ ಪೈಪು ಇಳಿಸುವ ತನಕ, ಆ ನೀರನ್ನು ಲೆಕ್ಕ ಮಾಡಿ ಬಳಸಬೇಕು.

ಲೆಕ್ಕ ಮಾಡುವ ಒಂದು ದಾರಿ ನೀರನ್ನು ಮಂಜಿನಂತೆ ಸಿಂಪಡಿಸುವುದು. ಒಂದು ಲೀಟರ್ ನೀರು 30 ಡಿಗ್ರಿಯಿಂದ 100 ಡಿಗ್ರಿಗೆ ಏರುವಾಗ 70 ಕಿಲೋಕ್ಯಾಲೊರಿ ಬಿಸಿ ಹೀರುತ್ತದೆ. ಅದೇ ನೀರು ಪೂರ್ತಿ ಉಗಿಯಾಗುವಾಗ ಇನ್ನೂ 540 ಹೀರುತ್ತದೆ. ಅಂದರೆ ನೆಲದಲ್ಲಿ ಹರಿದು ಹೋದ ನೀರು ವ್ಯರ್ಥ, ಆವಿಯಾಗಿ ಹೋದದ್ದು ಲಾಭ. ಸಣ್ಣ ಹನಿ ಬೇಗ ಆವಿಯಾಗುತ್ತದೆ, ಸುಮಾರು 1,700 ಪಟ್ಟು ಹಿಗ್ಗಿ ಗಾಳಿಯನ್ನೂ ಆಚೆ ದೂಡುತ್ತದೆ. ದಪ್ಪ ಧಾರೆ ಬೇಕಾಗುವುದು ದೂರಕ್ಕೆ ಹಾರಿಸಲು, ಉರಿಯುವ ರಾಶಿಯನ್ನು ಒಡೆಯಲು. ಈಗಿನ ನಳಿಕೆಯ ತಲೆ ತಿರುಗಿಸಿದರೆ ಧಾರೆ ಮಂಜಾಗುತ್ತದೆ. ಪ್ರದರ್ಶನದಲ್ಲಿ ಎರಡನ್ನೂ ಮಾಡಿ ತೋರಿಸಲು ಹೇಳಿ.

ಟೊಪ್ಪಿ ಮತ್ತು ಕಂಬ

ಲಂಡನ್ನಿನ ಹೊಳೆಯುವ ಹಿತ್ತಾಳೆ ಟೊಪ್ಪಿ 1860ರ ದಶಕದಲ್ಲಿ ಬಂದದ್ದು, 1930ರ ದಶಕದಲ್ಲಿ ಹೋಯಿತು. ಮನೆಮನೆಗೆ ಕರೆಂಟು ಬಂದ ಮೇಲೆ ತಲೆಯ ಮೇಲಿನ ಲೋಹ ಅಪಾಯವಾಯಿತು. ಹಿಂಭಾಗದ ಅಂಚು ಉದ್ದವಿರುವುದು ನೀರು, ಕಿಡಿ ಕುತ್ತಿಗೆಯೊಳಗೆ ಇಳಿಯದ ಹಾಗೆ, ಮಳೆಗೆ ಹೊದೆಯುವ ನಮ್ಮ ಗೊರಬು ಬೆನ್ನಿನ ತನಕ ಇಳಿಯುವಂತೆ. ಜಾರುವ ಕಂಬ 1878ರಲ್ಲಿ ಶಿಕಾಗೋದ ಡೇವಿಡ್ ಕೆನ್ಯನ್ ಎಂಬವರ ಉಪಾಯ. ಮೆಟ್ಟಿಲಲ್ಲಿ ಓಡುವಾಗ ಕಳೆದುಹೋಗುವ ಸೆಕೆಂಡುಗಳನ್ನು ಉಳಿಸಲು. ಅಡಿಕೆ ಮರದಿಂದ ಜಾರಿ ಇಳಿಯುವವರನ್ನು ಕಂಡ ಮಕ್ಕಳಿಗೆ ಇದರಲ್ಲಿ ವಿವರಿಸಲು ಹೆಚ್ಚೇನೂ ಇಲ್ಲ.

ಕೆಂಪು ಸಿಲಿಂಡರಿನ ಹೊಟ್ಟೆಯಲ್ಲಿ

ಹಳೆಯ ಶಂಕುವಿನಾಕಾರದ ಸಿಲಿಂಡರು ಸೋಡ ಮತ್ತು ಆಮ್ಲದ್ದು. ಒಳಗೆ ಅಡುಗೆ ಸೋಡ ಕರಗಿಸಿದ ನೀರು, ಮೇಲೆ ಗಂಧಕಾಮ್ಲದ ಗಾಜಿನ ಸೀಸೆ. ಮೇಲಿನ ಗುಬುಟು (ಗುಂಡಿ) ಬಡಿದು ಸೀಸೆ ಒಡೆದರೆ ಎರಡೂ ಸೇರಿ ಇಂಗಾಲದ ಡೈ ಆಕ್ಸೈಡ್ ಉಕ್ಕಿ, ಅದರ ಒತ್ತಡಕ್ಕೆ ನೀರು ಚಿಮ್ಮುತ್ತದೆ. ಬೆಂಕಿ ಆರಿಸುವುದು ನೀರು, ಅನಿಲ ತಳ್ಳುವ ಕೈ ಮಾತ್ರ. ತೊಂದರೆಯೆಂದರೆ ಒಮ್ಮೆ ಬಡಿದ ಮೇಲೆ ನಿಲ್ಲಿಸಲಾಗದು, ನಳಿಕೆ ಕಟ್ಟಿದ್ದರೆ ಸಿಲಿಂಡರೇ ಸಿಡಿಯಬಹುದು.

ಮನೆಗೆ ಬಂದ ಮೇಲೆ ಇದರ ತಮ್ಮನನ್ನು ಮಾಡಿ ನೋಡಬಹುದು. ಫ್ಯಾನ್ ನಿಲ್ಲಿಸಿ. ಅಗಲ ಬಟ್ಟಲಿನ ತಳದಲ್ಲಿ ಎರಡು ಬೆರಳು ಎತ್ತರದ ಮೇಣದಬತ್ತಿ ಹಚ್ಚಿ, ದೊಡ್ಡವರೇ ಹಚ್ಚಬೇಕು. ಬೇರೊಂದು ಚೆಂಬಿನಲ್ಲಿ ಒಂದು ಚಮಚ ಅಡುಗೆ ಸೋಡಕ್ಕೆ ನಾಲ್ಕು ಚಮಚ ಲಿಂಬೆ ರಸ ಅಥವಾ ಬಿಂಬುಳಿ ರಸ ಹಾಕಿ. ನೊರೆ ಇಳಿದ ಮೇಲೆ ಚೆಂಬನ್ನು ನೀರು ಹೊಯ್ಯುವ ಹಾಗೆ ಬಟ್ಟಲಿನ ಮೇಲೆ ಬಗ್ಗಿಸಿ, ಆದರೆ ರಸ ಚೆಲ್ಲಬಾರದು. ಕಣ್ಣಿಗೆ ಕಾಣದ ಅನಿಲ ಇಳಿದು ದೀಪ ಆರುತ್ತದೆ. ಆರದಿದ್ದರೆ ಕಾರಣ ಬತ್ತಿ ಬಟ್ಟಲಿನ ಅಂಚಿಗಿಂತ ಎತ್ತರವಾಗಿರುವುದು, ಇಲ್ಲವೇ ಎಲ್ಲಿಂದಲೋ ಗಾಳಿ ಬೀಸುತ್ತಿರುವುದು.

ಈಗ ಶಾಲೆ, ಅಂಗಡಿಗಳಲ್ಲಿರುವ ಹೆಚ್ಚಿನವು ಎಬಿಸಿ ಪುಡಿಯವು. ಎ ಎಂದರೆ ಕಟ್ಟಿಗೆ, ಕಾಗದ, ಬಟ್ಟೆ. ಬಿ ಎಂದರೆ ಪೆಟ್ರೋಲ್‌ನಂಥ ದ್ರವ. ಸಿ ಎಂದರೆ ಗ್ಯಾಸ್. ಮಗುವಿಗೆ ಒತ್ತಡ ತೋರಿಸುವ ಮುಳ್ಳು ನೋಡಲು ಕಲಿಸಿ: ಹಸಿರಿನಲ್ಲಿದ್ದರೆ ಒತ್ತಡ ಸರಿ. ಬಳಸುವ ಕ್ರಮ ಹೀಗೆ: ಪಿನ್ ಎಳೆ, ಎರಡು ಮೂರು ಮೀಟರ್ ದೂರ ನಿಲ್ಲು, ಜ್ವಾಲೆಯ ತುದಿಗಲ್ಲ ಬುಡಕ್ಕೆ ಗುರಿ ಹಿಡಿ, ಹಿಡಿಕೆ ಒತ್ತು, ಆಚೀಚೆ ಗುಡಿಸು. ಬಾಗಿಲು ಯಾವಾಗಲೂ ಬೆನ್ನ ಹಿಂದೆ ಇರಬೇಕು. 6 ಕಿಲೋದ ಸಿಲಿಂಡರು ಸುಮಾರು 15 ಸೆಕೆಂಡಿನಲ್ಲಿ ಖಾಲಿ. ಜ್ವಾಲೆಯ ತುದಿಗೆ ಹೊಡೆಯುತ್ತಾ ಆ 15 ಸೆಕೆಂಡು ಕಳೆಯುವುದೇ ಜನ ಮಾಡುವ ಮುಖ್ಯ ತಪ್ಪು. ಕರೆಂಟಿನ ಸಾಮಾನಿಗೆ ಬಳಸುವ ಇಂಗಾಲದ ಡೈ ಆಕ್ಸೈಡ್ ಸಿಲಿಂಡರಿನ ಅಗಲ ಬಾಯನ್ನು ಕೈಯಲ್ಲಿ ಹಿಡಿಯಬಾರದು. ಹೊರಬರುವುದು ಸೊನ್ನೆಗಿಂತ 78 ಡಿಗ್ರಿ ಕೆಳಗಿನ ಚಳಿ, ಚರ್ಮ ಅಂಟಿಕೊಳ್ಳುತ್ತದೆ.

ಬಾಣಲೆಯ ಎಣ್ಣೆಗೆ ನೀರು ಬೇಡವೇ ಬೇಡ. ನೀರು ಎಣ್ಣೆಗಿಂತ ಭಾರ, ತಳಕ್ಕಿಳಿದು ಕ್ಷಣದಲ್ಲಿ ಉಗಿಯಾಗಿ ಹಿಗ್ಗಿ ಉರಿಯುವ ಎಣ್ಣೆಯನ್ನು ಮಾಡಿಗೇ ಎಸೆಯುತ್ತದೆ. ಗ್ಯಾಸ್ ಆಫ್ ಮಾಡಿ, ತಟ್ಟೆ ಮುಚ್ಚಿ, ತಣಿಯುವ ತನಕ ತೆರೆಯದಿರಿ.

ಬೆನ್ನಿನಲ್ಲಿ ಹೊತ್ತದ್ದು ಆಮ್ಲಜನಕವಲ್ಲ

ಮುಖವಾಡ ಹಾಕಿ ಬೆನ್ನಿಗೆ ಸಿಲಿಂಡರು ಕಟ್ಟಿದ ಸಿಬ್ಬಂದಿಯನ್ನು ಕಂಡ ಕೂಡಲೇ ಮಕ್ಕಳು ‘ಆಕ್ಸಿಜನ್’ ಎನ್ನುತ್ತಾರೆ. ಅಲ್ಲ, ನಾವು ಉಸಿರಾಡುವ ಗಾಳಿಯನ್ನೇ ಹಿಂಡಿ ತುಂಬಿದ್ದು. ಬೆಂಕಿಯ ಹತ್ತಿರ ಶುದ್ಧ ಆಮ್ಲಜನಕ ಸೋರಿದರೆ ಬೆಂಕಿಗೇ ಊಟ ಹಾಕಿದ ಹಾಗೆ. 6 ಲೀಟರಿನ ಸಿಲಿಂಡರಿನಲ್ಲಿ 300 ಬಾರ್ (ವಾತಾವರಣದ ಒತ್ತಡದ ಸುಮಾರು 300 ಪಟ್ಟು) ಒತ್ತಡದಲ್ಲಿ ಸುಮಾರು 1,800 ಲೀಟರ್ ಗಾಳಿ ಹಿಡಿಯುತ್ತದೆ. ದುಡಿಯುವವರಿಗೆ ನಿಮಿಷಕ್ಕೆ 40 ಲೀಟರ್ ಎಂದರೆ 45 ನಿಮಿಷ. ಒತ್ತಡ 50–55 ಬಾರಿಗೆ ಇಳಿದಾಗ ಸೀಟಿ ತಾನೇ ಊದುತ್ತದೆ, ಹೊರಗೆ ಬರಲೇಬೇಕು. ಆ ಸೀಟಿಯನ್ನು ಕೇಳಿಸಲು ವಿನಂತಿಸಿ.

ಇದು ನಮ್ಮ ಕಡೆ ಬೆಂಕಿಗಿಂತಲೂ ಬಾವಿಗೆ ಸಂಬಂಧಿಸಿದ ಪಾಠ. ಒಬ್ಬರು ಇಳಿದು ಕುಸಿದರು, ಅವರನ್ನು ಎತ್ತಲು ಇನ್ನೊಬ್ಬರು ಇಳಿದು ಅವರೂ ಕುಸಿದರು ಎಂಬ ಸುದ್ದಿ ಬೇಸಿಗೆಯಲ್ಲಿ ಬರುತ್ತಲೇ ಇರುತ್ತದೆ. ಬಾವಿಯ ತಳದಲ್ಲಿ ಆಮ್ಲಜನಕ ಕಡಿಮೆಯಾಗಿರಬಹುದು. ದೀಪ ಇಳಿಸಿ ನೋಡುವ ಹಳೆಯ ಕ್ರಮ ಅದನ್ನು ಹೇಳುತ್ತದೆ: ಆಮ್ಲಜನಕ ಶೇಕಡಾ 16ರ ಆಸುಪಾಸಿಗೆ ಇಳಿದರೆ ದೀಪ ಆರುತ್ತದೆ. ಆದರೆ ಬಾವಿಯೊಳಗೆ ಪೆಟ್ರೋಲ್ ಅಥವಾ ಡೀಸೆಲ್ ಪಂಪು ಓಡಿಸಿದ್ದರೆ ದೀಪವನ್ನು ನಂಬಬೇಡಿ. ಇಂಜಿನ್ನಿನ ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮನುಷ್ಯನನ್ನು ಕೊಲ್ಲುವಷ್ಟು ಇದ್ದರೂ ದೀಪ ಉರಿಯುತ್ತಲೇ ಇರುತ್ತದೆ. ಮುಖವಾಡ ಇಲ್ಲದೆ ಯಾರೂ ಇಳಿಯಬಾರದು, ಕೆಳಗೆ ಬಿದ್ದವರು ಸ್ವಂತ ಅಣ್ಣನಾದರೂ.

ಏಪ್ರಿಲ್ 14 ಯಾಕೆ?

1944ರ ಏಪ್ರಿಲ್ 14ರಂದು ಬೊಂಬಾಯಿಯ ವಿಕ್ಟೋರಿಯಾ ಡಾಕಿನಲ್ಲಿ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗು ನಿಂತಿತ್ತು. ಅದರಲ್ಲಿ ಸುಮಾರು 1,400 ಟನ್ ಸ್ಫೋಟಕ, ಜೊತೆಗೆ ಹತ್ತಿಯ ಬೇಲುಗಳು. ಹತ್ತಿಗೆ ಬೆಂಕಿ ಹಿಡಿಯಿತು. ಬಿಗಿದು ಕಟ್ಟಿದ ಹತ್ತಿ ಜ್ವಾಲೆ ತೋರಿಸದೆ ಒಳಗೊಳಗೇ ಸುಡುತ್ತದೆ, ಹೊಯ್ದ ನೀರು ಒಳಕ್ಕೆ ಇಳಿಯುವುದಿಲ್ಲ. ಬೂದಿ ಮುಚ್ಚಿದ ಕೆಂಡವೇ ಅದು. ಗಂಟೆಗಟ್ಟಲೆ ನೀರು ಬಿಟ್ಟರೂ ಬಿಸಿ ಇಳಿಯಲಿಲ್ಲ. ಸಂಜೆ 4 ಗಂಟೆ ಕಳೆದ ಮೇಲೆ ಹಡಗು ಸ್ಫೋಟಿಸಿತು, ಸುಮಾರು ಅರ್ಧ ಗಂಟೆಯಲ್ಲಿ ಮತ್ತೊಮ್ಮೆ. ಬಿಟ್ಟು ಓಡದೆ ಪೈಪು ಹಿಡಿದು ನಿಂತಿದ್ದ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಅವರ ನೆನಪಿಗೆ ಈ ದಿನ.

ಉರಿಯುವುದನ್ನೂ ಸಿಡಿಯುವುದನ್ನೂ ಪಕ್ಕಪಕ್ಕ ಇಡುವುದರ ಫಲ ನಮ್ಮ ಜಿಲ್ಲೆಗೂ ಗೊತ್ತು. 2024ರ ಅಕ್ಟೋಬರ್ 28ರ ನಡುರಾತ್ರಿ ನೀಲೇಶ್ವರದ ತೆಯ್ಯಂ ಉತ್ಸವದಲ್ಲಿ ದಾಸ್ತಾನಿಟ್ಟ ಪಟಾಕಿಗೆ ಕಿಡಿ ಬಿದ್ದು 150ಕ್ಕೂ ಹೆಚ್ಚು ಜನ ಗಾಯಗೊಂಡರು, ಕೆಲವರು ತೀರಿಹೋದರು. ಮಕ್ಕಳಿಗೆ ಇದನ್ನು ಹೆದರಿಸಲು ಹೇಳಬೇಡಿ. ಸುಟ್ಟ ಗಾಯಕ್ಕೆ ಏನು ಮಾಡಬೇಕು ಎಂಬುದರ ಜೊತೆ ಹೇಳಿ: ತಣ್ಣಗಿನ ಹರಿಯುವ ನೀರು 20 ನಿಮಿಷ. ಐಸ್ ಬೇಡ, ಟೂತ್‌ಪೇಸ್ಟ್ ಬೇಡ, ಅಂಟಿಕೊಂಡ ಬಟ್ಟೆ ಕೀಳುವುದು ಬೇಡ. ಮೈಮೇಲಿನ ಬಟ್ಟೆಗೆ ಬೆಂಕಿ ಹಿಡಿದರೆ ಓಡದೆ ನಿಲ್ಲು, ಮಲಗು, ಮುಖ ಮುಚ್ಚಿ ಉರುಳು. ಸ್ಟೇಶನ್ನಿನ ಅಂಗಳದಲ್ಲೇ ಒಮ್ಮೆ ಉರುಳಿಸಿ ಅಭ್ಯಾಸ ಮಾಡಿಸಿ. ಬಾಯಲ್ಲಿ ಕಲಿತದ್ದು ಆ ಗಳಿಗೆಯಲ್ಲಿ ನೆನಪಾಗದು, ಮೈ ಕಲಿತದ್ದು ನೆನಪಿರುತ್ತದೆ.

ಹೋಗುವ ದಿನ

ಫಯರ್ ಸ್ಟೇಶನ್ನಿಗಾದರೆ ಮೊದಲೇ ಸ್ಟೇಶನ್ ಆಫೀಸರ್ ಅವರನ್ನು ಕಂಡು ಅಥವಾ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಿ. ಮಕ್ಕಳ ಸಂಖ್ಯೆ, ತರಗತಿ ಹೇಳಿ. ಕನ್ನಡ ಅಥವಾ ತುಳು ಬಲ್ಲ ಸಿಬ್ಬಂದಿ ಇದ್ದರೆ ಅವರ ಪಾಳಿಯ ಸಮಯ ಕೇಳಿ. 15–20 ಮಕ್ಕಳಿಗಿಂತ ದೊಡ್ಡ ಗುಂಪಾದರೆ ಎರಡು ಮಾಡಿ, ಹಿಂದೆ ನಿಂತ ಮಗುವಿಗೆ ಪಂಪು ಕಾಣುವುದೇ ಇಲ್ಲ. ಸಣ್ಣ ಮಕ್ಕಳಿಗೆ ಮುಕ್ಕಾಲು ಗಂಟೆ ಸಾಕು.

ಗೇಟಿನ ಎದುರು ವಾಹನ ನಿಲ್ಲಿಸಬೇಡಿ. ಕರೆ ಬಂದರೆ ಮಕ್ಕಳು ಎಲ್ಲಿ ಸರಿದು ನಿಲ್ಲಬೇಕು ಎಂದು ಒಳಹೋಗುವಾಗಲೇ ಜಾಗ ತೋರಿಸಿ. ನೋಡುತ್ತಿರುವಾಗಲೇ ಗಾಡಿ ಹೊರಟುಹೋದರೆ ಅದೇ ಆ ದಿನದ ದೊಡ್ಡ ಪಾಠ. ಸೈರನ್ ಹಾಕುವ ಮೊದಲು ತಿಳಿಸುವಂತೆ ಕೇಳಿಕೊಳ್ಳಿ, ಕೆಲವು ಮಕ್ಕಳು ಅದಕ್ಕೆ ಹೆದರಿ ಆಮೇಲಿನ ಯಾವುದನ್ನೂ ಕೇಳಿಸಿಕೊಳ್ಳುವುದಿಲ್ಲ. ಮುಖವಾಡ ಹಾಕಿದವರನ್ನು ಕಂಡೂ ಎಳೆಯರು ಅಳುವುದುಂಟು. ಮೊದಲು ಬರಿಮುಖದಲ್ಲಿ ಮಾತಾಡಿ, ಅವರ ಕಣ್ಣ ಮುಂದೆಯೇ ಹಾಕಿಕೊಂಡರೆ ಹೆದರಿಕೆ ಹೋಗುತ್ತದೆ. ಹೊಗೆ ತುಂಬಿದ ಮನೆಯಲ್ಲಿ ಮಂಚದಡಿ ಅಡಗಿದ ಮಗು ಆ ಮುಖ ಕಂಡು ಇನ್ನೂ ಒಳಗೆ ಸರಿಯಬಾರದು, ಅದಕ್ಕಾಗಿ ಇದು ಮುಖ್ಯ.

ಮ್ಯೂಸಿಯಮ್ಮಿನಲ್ಲಿ ಹಳೆಯ ಗಾಜಿನ ಉರುಟು ಸೀಸೆಗಳಿದ್ದರೆ ಮುಟ್ಟಿಸಬೇಡಿ. ಬೆಂಕಿಗೆ ಎಸೆಯಲು ಮಾಡಿದ ಇವುಗಳಲ್ಲಿ ಕೆಲವಕ್ಕೆ ಉಪ್ಪುನೀರು ತುಂಬಿದ್ದರೆ ಕೆಲವಕ್ಕೆ ಕಾರ್ಬನ್ ಟೆಟ್ರಾಕ್ಲೋರೈಡ್ ತುಂಬಿರುತ್ತದೆ. ಅದು ವಿಷ, ಬಿಸಿಯಾದರೆ ಇನ್ನೂ ಕೆಟ್ಟ ವಿಷಾನಿಲ ಬಿಡುತ್ತದೆ.

101ಕ್ಕೆ ಹೇಳಬೇಕಾದ್ದು

ಕೊನೆಗೆ ಪ್ರತಿ ಮಗುವಿನ ಕೈಯಲ್ಲೂ ಒಂದು ಸುಳ್ಳು ಕರೆ ಮಾಡಿಸಿ, ಬಂದ್ ಮಾಡಿದ ಫೋನಿನಲ್ಲಿ. ಸಂಖ್ಯೆ 101, ಸಿಗದಿದ್ದರೆ 112. ಮಂಜೇಶ್ವರ, ತಲಪಾಡಿ ಕಡೆ ಮೊಬೈಲು ಆಚೆ ರಾಜ್ಯದ ಟವರು ಹಿಡಿದಿರಬಹುದು, ಆದ್ದರಿಂದ ಮೊದಲ ಮಾತು ‘ಕೇರಳ, ಕಾಸರಗೋಡು ಜಿಲ್ಲೆ’. ಆಮೇಲೆ ಪಂಚಾಯತು, ಊರು, ಹತ್ತಿರದ ಶಾಲೆ, ದೈವಸ್ಥಾನ ಅಥವಾ ಮಸೀದಿ. ಏನು ಉರಿಯುತ್ತಿದೆ, ಗುಡ್ಡೆಯೋ, ಮನೆಯೋ, ರಬ್ಬರಿನ ಹೊಗೆಗೂಡೋ. ಒಳಗೆ ಯಾರಾದರೂ ಇದ್ದಾರೆಯೇ, ಗ್ಯಾಸ್ ಸಿಲಿಂಡರು ಇದೆಯೇ. ಲಾರಿ ಬರುವಷ್ಟು ರಸ್ತೆ ಅಗಲವಿದೆಯೇ, ಇಲ್ಲದಿದ್ದರೆ ಎಲ್ಲಿ ನಿಲ್ಲಬೇಕು. ಹತ್ತಿರದ ಕೆರೆ ಅಥವಾ ಮದಕ ಎಲ್ಲಿ. ಮಲಯಾಳದಲ್ಲಿ ಎರಡು ಮಾತು ಬಾಯಿಪಾಠವಿರಲಿ: ‘ತೀ ಪಿಡಿಚ್ಚು’ ಎಂದರೆ ಬೆಂಕಿ ಹಿಡಿಯಿತು, ‘ಕಿಣರ್’ ಎಂದರೆ ಬಾವಿ. ಆ ಕಡೆಯವರು ಸಾಕು ಎನ್ನುವ ತನಕ ಫೋನ್ ಇಡಬಾರದು. ಇಟ್ಟ ಮೇಲೆ ಒಬ್ಬರು ಮುಖ್ಯ ರಸ್ತೆಯ ತಿರುವಿಗೆ ಹೋಗಿ ನಿಲ್ಲಬೇಕು, ರಾತ್ರಿಯಾದರೆ ಟಾರ್ಚು ಹಿಡಿದು.